ಹೆಚ್ಚುವರಿ ಚಿಪ್ಪುಗಳು

ಹೈದರಾಬಾದಿಗೆ ಕಂಪ್ಯೂಟರಿನ ಜ್ವರ ನೆತ್ತಿಗೇರಿದ್ದ ಆ ವರ್ಷಗಳಲ್ಲಿ, ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಯಾರಾದರೂ ಹೊಸಬರು ಮಾತಿಗೆ ಸಿಕ್ಕರೆ, ಹೆಸರು, ಊರು, ಮಕ್ಕಳೆಷ್ಟು ಎಂಬ ಸನಾತನ ಪ್ರಶ್ನೆಗಳನ್ನೆಲ್ಲ ಬದಿಗೆ ಸರಿಸಿ ಮೊದಲು ಕೇಳುತ್ತಿದ್ದುದು "ಮೀರು ಏ ಪ್ಲಾಟ್‌ಫಾರ್ಮ್ ಅಂಡಿ?" ಎಂದು. ನೀವು ಯಾವ ಪ್ಲಾಟ್‌ಫಾರ್ಮಿನವರು? ಮೊದಲ ಸಲ ಈ ಪ್ರಶ್ನೆ ಎದುರಾದಾಗ ನಾನು ಪರೋಪಕಾರಬುದ್ಧಿಯಿಂದ ಪ್ರೇರಿತಳಾಗಿ, "ಎರಡನೆಯದಮ್ಮಾ, ನೀನೂ ಬೇಗ ಮೇಲುಸೇತುವೆ ದಾಟು, ಗಾಡಿ ಬರುವ ಹೊತ್ತಾಯಿತು" ಎಂದು ನನ್ನ ಧಾರವಾಡದ ತೆಲುಗಿನಲ್ಲಿ ಹೇಳಿ, ಅವಳ ಚೀಲಕ್ಕೂ ಒಂದು ಕೈ ಹಾಕಿದ್ದೆ. ಆ ತರುಣಿ ಚೀಲವನ್ನು ಎದೆಗವಚಿಕೊಂಡು ನನ್ನತ್ತ ಬೀರಿದ ನೋಟದಲ್ಲಿದ್ದದ್ದು ಭಯವೋ ಕನಿಕರವೋ ಎಂಬುದು ನನ್ನೊಳಗೆ ಇಂದಿಗೂ ಇತ್ಯರ್ಥವಾಗಿಲ್ಲ. ಅವಳಿಗೆ ಬೇಕಾಗಿದ್ದದ್ದು ನಾನು ಜಾವಾದವಳೋ ಮೇನ್‌ಫ್ರೇಮಿನವಳೋ ಎಂಬ ಮಾಹಿತಿ ಎಂದು ಆ ಸಂಜೆ ನನಗೆ ಬಿಡಿಸಿ ಹೇಳಿದವರು ನಮ್ಮ ಮೇಲಿನ ಮನೆಯ ಮಂದಾಕಿನಿ ವೈನಿ. ಹೇಳುತ್ತ ಹೇಳುತ್ತ ಅವರು ನಕ್ಕ ನಗುವಿಗೆ ಕೆಳಗಿನ ಮನೆಯವರು ಕದ ತೆರೆದು ನೋಡಿದ್ದರು.

ಈ ಮಂದಾಕಿನಿ ವೈನಿಯ ವಿಷಯ ಎರಡು ಮಾತು ಹೇಳಬೇಕು. ಗದಗಿನ ಕಡೆಯವರು. ಗಂಡನ ಕಾರ್ಖಾನೆಯ ನೌಕರಿಯ ಬೆನ್ನು ಹತ್ತಿ ಈ ಊರಿಗೆ ಬಂದು, ಮಗಳನ್ನು ಕಾಲೇಜಿಗೆ ಸೇರಿಸಿದ ವರ್ಷವೇ ತಾವೂ ಅಮೀರ್‌ಪೇಟೆಯ ಒಂದು ಕೋಚಿಂಗ್ ಕೇಂದ್ರಕ್ಕೆ ಸೇರಿ, ಸಾಫ್ಟ್‌ವೇರ್ ಟೆಸ್ಟಿಂಗ್ ಎಂಬ ವಿದ್ಯೆಯನ್ನು ಕಲಿತು, ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ ಕೆಲಸ ಹಿಡಿದು, ಕೊರಳಿಗೆ ಮಂಗಳಸೂತ್ರದ ಜೊತೆಗೆ ಗುರುತಿನ ಚೀಟಿಯನ್ನೂ ತೂಗಿಬಿಟ್ಟುಕೊಂಡ ಸಾಹಸಿ. ನಾನು ಅವರ ಎದುರಿಗೆ ಅಭಿನಂದಿಸಿ, ಬೆನ್ನ ಹಿಂದೆ ಮೂಗು ಮುರಿಯುತ್ತಿದ್ದೆ. ಅವರು ಪ್ರತಿ ಭಾನುವಾರ ನನ್ನ ಉದ್ಧಾರಕ್ಕೆ ಯತ್ನಿಸುತ್ತಿದ್ದರು. "ವಸುಂಧರಾ, ಇನ್ನೂ ಎಷ್ಟ ದಿವಸ ಆ ಸತ್ತ ಚಿಪ್ಪು ತಿಕ್ಕೋತ ಕುಂದರ್ತೀರಿ? ಮೂರು ತಿಂಗಳ ಕೋರ್ಸ್ ಐತಿ. ಬರ್ರಿ, ನಾ ಮಾತಾಡ್ತೀನಿ" ಎಂಬುದು ಅವರ ಪಲ್ಲವಿ.

ಸತ್ತ ಚಿಪ್ಪು ತಿಕ್ಕುವುದು ನಿಜವಾಗಿಯೂ ನನ್ನ ಉದ್ಯೋಗವಾಗಿತ್ತು. ಕಲ್ಲುಮಣ್ಣುಗಳ ಪರಾಮರ್ಶೆ ನಡೆಸುವ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪಳೆಯುಳಿಕೆಗಳ ವಿಭಾಗಕ್ಕೆ ಏಕಮಾತ್ರ ಅಧಿಪತಿ, ಏಕಮಾತ್ರ ಪ್ರಜೆ. ಹುಟ್ಟಿದ ಕೂಸಿಗೆ ವಸುಂಧರಾ ಎಂದು ಹೆಸರಿಟ್ಟ ನನ್ನ ತಂದೆ, ಅವಳು ಅದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡು ಭೂಗರ್ಭಶಾಸ್ತ್ರ ಓದುತ್ತಾಳೆಂದು ಎಣಿಸಿರಲಾರರು. ನನ್ನ ಕೋಣೆಯ ಗೋಡೆಯುದ್ದಕ್ಕೂ ಸಾಗುವಾನಿ ಕಪಾಟುಗಳು. ಅವುಗಳ ಖಾನೆಗಳಲ್ಲಿ ಹತ್ತಿಯ ಹಾಸಿಗೆಯ ಮೇಲೆ ಮಲಗಿದ, ಕೋಟ್ಯಂತರ ವರ್ಷ ಹಿಂದಿನ ಕಡಲಿನ ಚಿಪ್ಪುಗಳು. ಅವುಗಳಲ್ಲಿ ನನ್ನ ಪ್ರಾಣವಾಗಿದ್ದವು ಸ್ಕ್ಯಾಲಪ್ ಎಂಬ ಜೀವಿಯವು. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲದ ಕಾರಣ ನಾನೇ ಬೀಸಣಿಗೆ ಚಿಪ್ಪು ಎಂದು ಕರೆದುಕೊಂಡಿದ್ದೆ. ನೋಡಿದ ಯಾರೂ ಆ ಹೆಸರಿಗೆ ತಕರಾರು ತೆಗೆಯಲಾರರು.

ಒಂದನ್ನು ನಿಮ್ಮ ಅಂಗೈಗೆ ಇಡುತ್ತೇನೆಂದುಕೊಳ್ಳಿ. ಮೇಲೆ ಒಂದು ಸಣ್ಣ ಕೊಕ್ಕು. ಅಲ್ಲಿಂದ ಕೆಳಗಿನ ಅಂಚಿಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಏಣುಗಳು. ಕೊಕ್ಕಿನ ಅತ್ತಿತ್ತ ಎರಡು ಕಿವಿ. ಮೊದಲು ಕಿವಿ ನೋಡಬೇಕು. ಎರಡೂ ಸಮವೇ, ಒಂದು ಉದ್ದವೇ? ಈ ಪ್ರಾಣಿಗೆ ನಮ್ಮ ಕೈಗಳ ಹಾಗೆ ಎಡದ್ದೊಂದು ಬಲದ್ದೊಂದು ಚಿಪ್ಪು, ಅವೆರಡರ ನಡುವೆ ಅದರ ಸಂಸಾರ. ಬಲಚಿಪ್ಪಿನ ಮುಂದಿನ ಕಿವಿಯ ಕೆಳಗೆ ಒಂದು ಕಚ್ಚು ಇರುತ್ತದೆ. ಆ ಸಂದಿಯಿಂದ ಅದು ನೂಲಿನಂಥ ಎಳೆಗಳನ್ನು ಹೊರಬಿಟ್ಟು ಬಂಡೆಗೆ ತನ್ನನ್ನು ಕಟ್ಟಿಕೊಳ್ಳುತ್ತಿತ್ತು. ಎಳೆಗಳು ಸಿಕ್ಕಾಗಬಾರದೆಂದು ಕಚ್ಚಿನ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಸಣ್ಣ ಮುಳ್ಳುಗಳ ಸಾಲು. ಎಡಚಿಪ್ಪಿಗೆ ಈ ಸೌಭಾಗ್ಯವಿಲ್ಲ. ಆಮೇಲೆ ಏಣುಗಳನ್ನು ಎಣಿಸಬೇಕು, ಅವು ಹೆಬ್ಬೆರಳಿನಂತೆ ದುಂಡಗಿವೆಯೋ ಇಟ್ಟಿಗೆಯಂತೆ ಚೌಕವೋ, ನಡುವಿನ ತೋಡು ಏಣಿಗಿಂತ ಅಗಲವೋ ಕಿರಿದೋ ಎಂದು ಬೆರಳಾಡಿಸಬೇಕು, ಕೊನೆಗೆ ದೀಪದ ಓರೆ ಬೆಳಕಿನಲ್ಲಿ ಹಿಡಿದು ಏಣಿನ ಮೈಮೇಲೆ ಸೂಕ್ಷ್ಮವಾದ ಎಳೆಗಳೋ ಹುರುಪೆಗಳೋ ಇವೆಯೇ ಎಂದು ಕಣ್ಣು ಕಿರಿದಾಗಿಸಿ ನೋಡಬೇಕು. ಇಷ್ಟಾದ ಮೇಲೆ ಕುಲ ಯಾವುದು, ಪ್ರಭೇದ ಯಾವುದು ಎಂಬ ತೀರ್ಮಾನ. ನಮ್ಮ ಶಾಸ್ತ್ರದ ಪರಿಭಾಷೆಯನ್ನು ಕನ್ನಡಕ್ಕೆ ತಂದವರು ಬಹುಶಃ ವಧೂವರರ ಕೇಂದ್ರದಲ್ಲಿ ಕುಳಿತೇ ಆ ಕೆಲಸ ಮಾಡಿರಬೇಕು. ಕುಲ, ಕುಟುಂಬ, ವಂಶ, ವರ್ಗ ಎಲ್ಲ ಇವೆ, ಜಾತಕವೊಂದು ಕಡಿಮೆ.

ನಮ್ಮ ಮನೆಯವರು ರಕ್ಷಣಾ ಸಾಮಗ್ರಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಒಂದು ಅಚ್ಚಿನಿಂದ ಹೊರಬಿದ್ದ ಸಾವಿರ ಬೋಲ್ಟುಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಸಮ ಇರಬೇಕೆಂಬುದು ಅವರ ಧರ್ಮ. ಜಗತ್ತಿನಲ್ಲಿ ಯಾವ ಎರಡೂ ಒಂದೇ ಸಮ ಇರಲಾರವು ಎಂಬುದು ನನ್ನದು. ಈ ದ್ವೈತದ ಮೇಲೆಯೇ ನಮ್ಮ ದಾಂಪತ್ಯ ಭದ್ರವಾಗಿ ನಿಂತಿತ್ತು. ಒಮ್ಮೆ ಅವರನ್ನು ನನ್ನ ಕೋಣೆಗೆ ಕರೆದೊಯ್ದು ಇಡೀ ಖಾನೆ ತೋರಿಸಿದಾಗ, ಗೌರವದಿಂದ ಕೈ ಹಿಂದೆ ಕಟ್ಟಿಕೊಂಡು ನೋಡಿ, "ಭಾಳ ಛಂದ ಅದಾವು. ಆದ್ರ ಎಲ್ಲಾ ಒಂದೇ ಕಾಣ್ತಾವಲ್ಲ?" ಎಂದಿದ್ದರು. ಆ ಮಾತಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಬೇಡ.

ಆ ಖಾನೆಯದೇ ಈ ಕಥೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಗಿನ ಸಹೋದ್ಯೋಗಿಗಳೊಡನೆ ಕಛ್ ಸೀಮೆಯ ಹಳದಿ ಸುಣ್ಣಕಲ್ಲಿನ ದಿಬ್ಬಗಳಲ್ಲಿ, ಗಾಳಿಗೆ ಸೆರಗು ಸೊಂಟಕ್ಕೆ ಬಿಗಿದು, ಮಂಡಿಯೂರಿ ಆರಿಸಿ ತಂದ ಚಿಪ್ಪುಗಳು ಅವು. ನನಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರು ಅಷ್ಟಕ್ಕೂ ಒಂದೇ ಪ್ರಭೇದದ ಹೆಸರು ಬರೆದು, ಖಾನೆ ಮುಚ್ಚಿ, ನಿವೃತ್ತರಾಗಿ ಹೋಗಿದ್ದರು. ನನ್ನ ಬೆರಳಿಗೆ ಅದು ಒಪ್ಪಲಿಲ್ಲ. ವರ್ಷಗಟ್ಟಲೆ ತಿರುವಿ ತಿರುವಿ ನಾನು ಅವನ್ನು ಮೂರು ರಾಶಿ ಮಾಡಿದ್ದೆ, ಮೂರಕ್ಕೂ ಮನೆಯ ಹೆಸರಿಟ್ಟಿದ್ದೆ. ಮೊದಲನೆಯದು ಬೋಗುಣಿ: ಉಬ್ಬಿದ ಮೈ, ಚೌಕ ಏಣು, ಹೆಚ್ಚುಕಡಿಮೆ ಸಮನಾದ ಕಿವಿಗಳು. ಎರಡನೆಯದು ಸಾದಾ: ತೆಳ್ಳಗೆ ನೀಳವಾಗಿ, ಮುಂದಿನ ಕಿವಿ ಉದ್ದ, ಏಣುಗಳು ನುಣುಪು. ಮೂರನೆಯದರ ಆಕಾರ ಸಾದಾದ ಹಾಗೆಯೇ ಇದ್ದರೂ, ಅದರ ಒಂದೊಂದು ಏಣೂ ಮೂರು ಎಳೆಯಾಗಿ ಸೀಳಿ, ಪ್ರತಿ ಎಳೆಯ ಮೇಲೂ ಹುರುಪೆಗಳ ಸಾಲು ಮಿನುಗುತ್ತಿತ್ತು. ಅದು ನನ್ನ ಜರತಾರಿ. ಅದು ಶಾಸ್ತ್ರಕ್ಕೇ ಹೊಸದೆಂದು ನನ್ನ ನಂಬಿಕೆ. ಕಛ್ಛಿನ ಕಡಲಲ್ಲಿ ಬಾಳಿ ಸತ್ತ ಆ ಪ್ರಾಣಿಗೆ ಕಡಲನ್ನೇ ಕಾಣದ ಧಾರವಾಡದ ಹೆಸರಿಡಬೇಕೆಂದು ಪ್ರಬಂಧವನ್ನೂ ಬರೆದು, ತಿದ್ದಿ, ಅಚ್ಚಿಗೆ ಕಳಿಸುವುದೊಂದು ಬಾಕಿ ಎಂಬ ಹಂತದಲ್ಲಿದ್ದೆ.

ಆಗ ನಿರ್ದೇಶಕರಿಂದ ಕರೆ ಬಂತು. ಸತ್ಯನಾರಾಯಣ ಗಾರು ಭೂಕಂಪದ ಅಲೆಗಳನ್ನು ಓದಿಕೊಂಡು ಮೇಲೆ ಬಂದವರು. ಬಾಲ್ಯ ಕಳೆದದ್ದು ರಾಯಚೂರಿನಲ್ಲಿ, ಆದ್ದರಿಂದ 'ಅಲ್ಲವೇ' ಎನ್ನುವಲ್ಲಿ ತೆಲುಗಿನ 'ಕದಾ' ಸೇರಿಸಿ ನನ್ನೊಡನೆ ಕನ್ನಡವಾಡುವ ಉತ್ಸಾಹ. ದೊಡ್ಡ ಹೊಟ್ಟೆ, ದೊಡ್ಡ ದನಿ, ಸ್ವಭಾವತಃ ಕೆಟ್ಟವರಲ್ಲ.

"ಕುಂದ್ರಿ ಅಮ್ಮಾ. ಒಳ್ಳೇ ಸುದ್ದಿ ಐತಿ. ನಮ್ಮ ಕಂಪ್ಯೂಟರ್ ಸೆಂಟರ್ ಮಂಜೂರಾತು."

"ಸಂತೋಷರಿ ಸಾರ್. ಎಲ್ಲಿ ಬರ್ತೈತ್ರಿ?"

"ನಿಮ್ಮ ಚಿಪ್ಪಿನ ರೂಮ್‌ನಾಗ" ಎಂದರು, ನನಗೆ ಪ್ರಶಸ್ತಿ ಕೊಡುವ ಧಾಟಿಯಲ್ಲಿ. ಆಮೇಲೆ ಯೋಜನೆಯನ್ನು ವಿವರಿಸಿದರು. ಪ್ರತಿಯೊಂದು ಪ್ರಭೇದಕ್ಕೂ ಒಂದೊಂದು ಮಾದರಿಯನ್ನು ಉಳಿಸಿಕೊಳ್ಳುವುದು, ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸುವುದು. "ಉಳಿದದ್ದೆಲ್ಲಾ ಹೆಚ್ಚುವರಿ ಕದಾ? ಜೀಡಿಮೆಟ್ಲಾದಾಗ ಒಬ್ಬಾತ ಔಷಧ ಕಾರ್ಖಾನಿಗೆ ಶೆಡ್ ಕಟ್ಟಾಕತ್ತಾನ. ತಳಪಾಯಕ್ಕ ಭರ್ತಿ ಬೇಕಂತ. ಅವನೇ ಲಾರಿ ಕಳಿಸ್ತಾನ. ನೀವು ಇಲ್ಲಿ ಸಹಿ ಮಾಡಿದ್ರ ಸಾಕು."

ಔಷಧ ಕಾರ್ಖಾನೆಯ ಶೆಡ್ಡಿನ ಅಡಿಯಲ್ಲಿ ಬೋಗುಣಿ, ಸಾದಾ, ಜರತಾರಿಗಳು ಜಲ್ಲಿಯ ಜೊತೆ ಜಲ್ಲಿಯಾಗಿ ಅರೆಯಲ್ಪಡುವ ದೃಶ್ಯ ನನ್ನ ಕಣ್ಣಿಗೆ ಕಟ್ಟಿತು. 

"ಸಾರ್, ಇದರಾಗ ಹೆಚ್ಚುವರಿ ಅನ್ನೂದು ಒಂದೂ ಇಲ್ರಿ."

"ಯಾಕಿಲ್ಲ? ಇಡೀ ಕಛ್ ಖಾನೆ ಮ್ಯಾಲ ಒಂದೇ ಹೆಸರು ಬರದೈತಿ. ನಾನೇ ನೋಡೀನಿ."

"ಆ ಹೆಸರು ತಪ್ಪೈತ್ರಿ. ಅದರಾಗ ಮೂರು ಪ್ರಭೇದ ಅದಾವು."

ಅವರು ಕನ್ನಡಕ ತೆಗೆದು ಒರೆಸಿದರು. ಸರ್ಕಾರಿ ಕಚೇರಿಯಲ್ಲಿ ಕನ್ನಡಕ ಒರೆಸುವುದೆಂದರೆ ಮುಂದಿನ ಮಾತು ಖಾರವಾಗಿದೆ ಎಂದರ್ಥ. "ಆಯ್ತು. ಸಮಿತಿ ಮುಂದ ತೋರಿಸ್ರಿ. ಮೂರು ಅಂತ ನಿಂತರ ನಿಮ್ಮ ಕಪಾಟು ನಾ ಮುಟ್ಟಂಗಿಲ್ಲ, ಬ್ಯಾರೆ ರೂಮ್ ನೋಡ್ತೀನಿ. ನಿಲ್ಲಲಿಲ್ಲ ಅಂದ್ರ ಸಹಿ ಮಾಡ್ರಿ."

"ಮಾಡೂದಿಲ್ಲ ಅಂದ್ರ?"

"ನಾಗಪುರದಾಗ ಒಂದು ಪೋಸ್ಟ್ ಖಾಲಿ ಐತಮ್ಮಾ" ಎಂದರು ಬಹಳ ಮೃದುವಾಗಿ.

ಆಯುಷ್ಯವಿಡೀ ವರ್ಗೀಕರಣ ಮಾಡಿದವಳಿಗೆ ವರ್ಗಾವಣೆಯೇ ಬಹುಮಾನ. ಸಂಜೆ ರೈಲಿನಲ್ಲಿ ಕುಳಿತು ಈ ಶ್ಲೇಷೆಯನ್ನು ನಾನೇ ಹೊಳೆಯಿಸಿಕೊಂಡು ನಾನೇ ನಕ್ಕೆ. 

ಮರುದಿನದಿಂದ ನಾನು ಯುದ್ಧಸನ್ನದ್ಧಳಾದೆ. ಬೋಗುಣಿಯ ಬಗ್ಗೆ ಚಿಂತೆಯಿರಲಿಲ್ಲ; ಕಣ್ಣಿದ್ದವರಾರೂ ಅದನ್ನು ಉಳಿದೆರಡರ ಜೊತೆ ಸೇರಿಸಲಾರರು. ಸಾದಾ ಮತ್ತು ಜರತಾರಿಯ ಭೇದವನ್ನು ಸಮಿತಿಯವರ ಕಣ್ಣಿಗೆ ಕುಕ್ಕುವಂತೆ ತೋರಿಸಬೇಕು, ಅದಕ್ಕೆ ಜರತಾರಿಯ ಒಂದು ಭರ್ಜರಿ ಮಾದರಿ ಬೇಕು. ನನ್ನಲ್ಲಿದ್ದವೆಲ್ಲ ಅಲ್ಲಿಷ್ಟು ಇಲ್ಲಿಷ್ಟು ಮುಕ್ಕಾದವು. ಹುಡುಕುತ್ತ ಖಾನೆಯ ಮೂಲೆಯಲ್ಲಿ ಒಂದು ಗಟ್ಟಿ ಸಿಕ್ಕಿತು. ಗಟ್ಟಿಯೆಂದರೆ ಹಳದಿ ಕಲ್ಲಿನ ಕುರೂಪಿ ಮುದ್ದೆ. ನಾವು ತಂದಂದಿನಿಂದ ಯಾರೂ ಅದನ್ನು ಬಿಡಿಸುವ ಗೋಜಿಗೆ ಹೋಗಿರಲಿಲ್ಲ. ಲಾರಿಗೆ ಮೊದಲು ಯಾವುದನ್ನು ಹಾಕೋಣ ಎಂದು ಕೇಳಿದ್ದರೆ ನಾನೂ ಅದನ್ನೇ ಎತ್ತಿ ಕೊಡುತ್ತಿದ್ದೆನೇನೋ. ಆದರೆ ಅದರ ಒಂದು ಅಂಚಿನಲ್ಲಿ ಹೊಳೆಯುವ ಮೂರೆಳೆ ಕಾಣಿಸುತ್ತಿತ್ತು.

ಸೂಜಿ ಹಿಡಿದು ಕುಳಿತೆ. ಈ ಕೆಲಸ ಮಾಡಿದವರಿಗೆ ಗೊತ್ತು: ಕಲ್ಲನ್ನು ಕೆದಕಬೇಕು, ಚಿಪ್ಪನ್ನು ತಾಕಬಾರದು, ಒಂದು ಚಿಟಿಕೆ ಪುಡಿ ಉದುರಿತೆಂದರೆ ಬ್ರಷ್ಷಿನಿಂದ ಗುಡಿಸಿ, ಉಸಿರು ಬಿಗಿಹಿಡಿದು ಮತ್ತೆ ಕೆದಕಬೇಕು. ದಿನದಿಂದ ದಿನಕ್ಕೆ ನನ್ನ ಜರತಾರಿ ಮದುವೆಮನೆಗೆ ಹೊರಟವಳ ಹಾಗೆ ಸಿಂಗಾರಗೊಂಡು ಹೊರಬಂದಳು. ಎಂಥ ಎಳೆಗಳು, ಎಂಥ ಹುರುಪೆ! ಕಿವಿಗಳೆರಡೂ ಅಖಂಡ. ಕಚ್ಚಿರಲಿಲ್ಲ, ಅಂದರೆ ಎಡಚಿಪ್ಪು. ಸಂತೋಷದಲ್ಲಿ ನಾನು ಗಟ್ಟಿಯನ್ನು ತಿರುಗಿಸಿ, ಹಿಂದಿನ ಕಲ್ಲನ್ನೂ ತೆಗೆದರೆ ಚಿಪ್ಪಿನ ಒಳಮೈ ಕಾಣಬಹುದೆಂದು ಕೆದಕತೊಡಗಿದೆ.

ಒಳಮೈ ಕಾಣಲಿಲ್ಲ. ಇನ್ನೊಂದು ಚಿಪ್ಪಿನ ಬೆನ್ನು ಕಂಡಿತು. ಮುಂದಿನ ಕಿವಿ ಉದ್ದ. ಅದರ ಕೆಳಗೆ ಚೊಕ್ಕವಾದ ಕಚ್ಚು. ಕಚ್ಚಿನ ಅಂಚಿಗೆ ಬಾಚಣಿಗೆಯ ಹಲ್ಲು. ಬಲಚಿಪ್ಪು. ಅದರ ಏಣುಗಳು ನುಣುಪಾಗಿದ್ದವು. ಎಳೆ ಇಲ್ಲ, ಹುರುಪೆ ಇಲ್ಲ. ಸಾಕ್ಷಾತ್ ಸಾದಾ.

ಎರಡು ಬೇರೆ ಬೇರೆ ಚಿಪ್ಪುಗಳು ಕೆಸರಿನಲ್ಲಿ ಆಕಸ್ಮಿಕವಾಗಿ ಒಂದಕ್ಕೊಂದು ಅಂಟಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಭೂತಗನ್ನಡಿ ತಂದು ನೋಡಿದೆ. ಕೊಕ್ಕಿಗೆ ಕೊಕ್ಕು ಕೂಡಿತ್ತು. ಅಂಚಿನುದ್ದಕ್ಕೂ ಒಂದರ ಏಣು ಇನ್ನೊಂದರ ತೋಡಿನೊಳಗೆ, ಎರಡು ಕೈಯ ಬೆರಳುಗಳು ಹೆಣೆದುಕೊಂಡ ಹಾಗೆ, ಲೋಪವಿಲ್ಲದೆ ಕೂತಿತ್ತು. ಒಂದು ಪ್ರಾಣಿ ಸತ್ತ ದಿನ ಬಾಯಿ ಮುಚ್ಚಿಕೊಂಡದ್ದು, ನನ್ನ ಸೂಜಿ ತಾಗಿದ ಮೇಲೆ ಬಾಯಿ ಬಿಟ್ಟಿತ್ತು. ಜರತಾರಿಯೂ ಸಾದಾವೂ ಎರಡು ಪ್ರಭೇದಗಳಾಗಿರಲಿಲ್ಲ. ಒಂದೇ ಜೀವಿಯ ಎಡ ಮತ್ತು ಬಲ.

ಮತ್ತೆ ಖಾನೆ ಎಳೆದು ಎಲ್ಲವನ್ನೂ ಮೊದಲಿನಿಂದ ನೋಡಿದೆ. ನನ್ನ ಜರತಾರಿಗಳೆಲ್ಲ ಎಡಚಿಪ್ಪುಗಳೇ. ಬಲದ್ದೆಂದು ನಾನು ಬಗೆದಿದ್ದ ಕೆಲವಕ್ಕೆ ಕಿವಿಗಳೇ ಮುರಿದಿದ್ದವು, ಮುರಿದ ಜಾಗದಲ್ಲಿ ನನ್ನ ಆಸೆ ಒಂದು ಕಚ್ಚನ್ನು ಕಲ್ಪಿಸಿಕೊಂಡಿತ್ತು. ಸಾದಾದ ಎಡಚಿಪ್ಪುಗಳೆಂದುಕೊಂಡಿದ್ದವು ಅಲೆಗಳಿಗೆ ಸವೆದು ಎಳೆ ಕಳೆದುಕೊಂಡ ಜರತಾರಿಗಳು. ಧಾರವಾಡದ ಹೆಸರು ಹೊತ್ತು ಶಾಸ್ತ್ರಲೋಕಕ್ಕೆ ಕಾಲಿಡಬೇಕಾಗಿದ್ದ ಪ್ರಭೇದ ಆ ಮಧ್ಯಾಹ್ನ ನನ್ನ ಮೇಜಿನ ಮೇಲೆಯೇ ಇಲ್ಲವಾಯಿತು. ಸಮಿತಿಯ ಎದುರು ನಿಲ್ಲಬೇಕಾಗಿದ್ದ ಮೂರೆಂಬ ಲೆಕ್ಕವೂ ಅದರ ಜೊತೆಗೇ ಹೋಯಿತು.

ಭಾನುವಾರ ನಮ್ಮ ಮನೆಯಲ್ಲಿ ಚಹಾ. ವೈನಿ ಒಂದು ಪಾತ್ರೆ ಗಿರಮಿಟ್ ಹಿಡಿದು ಕೆಳಗಿಳಿದು ಬಂದರು. ನನ್ನ ಮುಖ ನೋಡಿ, ಏನಾಯಿತೆಂದು ಕೇಳಿದ್ದಕ್ಕೆ, ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ನಮ್ಮ ಮನೆಯವರು ಚಹಾದ ಬಟ್ಟಲನ್ನು ಕೆಳಗಿಟ್ಟು ಯೋಚಿಸಿದರು.

"ವಸು, ಆ ಗಟ್ಟಿ ಯಾರ್ಯಾರು ನೋಡ್ಯಾರ?"

"ನಾ ಒಬ್ಬಾಕಿ."

"ಹಂಗಾರ ಖಾನ್ಯಾಗ ಹಿಂದಕ ಸರಿಸಿ ಇಡು. ಸುಳ್ಳು ಹೇಳು ಅನ್ನಾಕತ್ತಿಲ್ಲ, ಸುಮ್ಮನಿರು ಅನ್ನಾಕತ್ತೀನಿ. ಮೊದಲು ಚಿಪ್ಪು ಉಳೀಲಿ. ಲಾರಿ ಹೊಳ್ಳಿ ಹೋದ ಮ್ಯಾಲ ಎರಡು ಅಂತ ಬರಿ, ಯಾರು ಬ್ಯಾಡ ಅಂತಾರ?"

ಅವರ ಮಾತಿನಲ್ಲಿ ನ್ಯಾಯವಿತ್ತು, ನಾಗಪುರದ ಭಯವೂ ಇತ್ತು. ನಿಜ ಹೇಳುತ್ತೇನೆ, ನನಗೆ ಆ ಮಾತು ಬಹಳ ಹಿತವಾಗಿ ಕೇಳಿಸಿತು. ಚಿಪ್ಪುಗಳು ಉಳಿಯುತ್ತವೆ, ನಾನು ಉಳಿಯುತ್ತೇನೆ, ಮರ್ಯಾದೆ ಉಳಿಯುತ್ತದೆ. ನಾನು ತಲೆಯಾಡಿಸುವುದರಲ್ಲಿದ್ದೆ.

ವೈನಿ ಗಿರಮಿಟ್ಟಿನ ಚಮಚ ಕೆಳಗಿಟ್ಟರು. "ನಾ ಒಂದು ಕೇಳ್ಲೇನು? ನಿಮ್ಮ ತಪ್ಪು ನಿಮಗ ಹೆಂಗ ಸಿಕ್ತು?"

"ಆ ಗಟ್ಟಿ ಇತ್ತಲ್ರಿ, ಅದಕ್ಕ."

"ಒಂದೊಂದೇ ಇಟ್ಟು ಉಳಿದದ್ದು ಒಗದಿದ್ರ?"

"ಸಿಗ್ತಿದ್ದಿಲ್ಲ."

"ಮತ್ತ ಅದನ್ನೇ ಹೇಳ್ರಿ!" ಎಂದು ಅವರು ನನ್ನ ತೊಡೆಗೆ ತಟ್ಟಿದ ಏಟು ಜೋರಾಗಿಯೇ ಇತ್ತು. "ನಮ್ಮ ಕೆಲಸನೂ ಅದ ಐತ್ರಿ. ಪ್ರೋಗ್ರಾಮಿಗೆ ಒಂದು ನಮೂನಿ ಕೊಟ್ಟು ನೋಡಿದ್ರ ಎಲ್ಲಾ ಸರಿ ಅಂತೈತಿ. ನೂರು ನಮೂನಿ ಕೊಡಬೇಕು, ಹೊಲಸು ನಮೂನಿ, ಮುರುಕು ನಮೂನಿ. ಆಗ ಬಗ್ ಹೊರಗ ಬೀಳ್ತೈತಿ. ಸಿಕ್ಕ ಬಗ್ ಮುಚ್ಚಿಟ್ಟಾಕಿ ಟೆಸ್ಟರ್ ಹೆಂಗಾಗ್ತಾಳ? ನಿಮ್ಮ ಸಾಹೇಬ್ರಿಗೆ ಕಂಪ್ಯೂಟರ್ ಬೇಕಲ್ಲ? ಹಂಗಾರ ಈ ಮಾತು ತಿಳೀಬೇಕು ಅವರಿಗೆ."

ಇಷ್ಟು ವರ್ಷ ನಾನು ಯಾರ ವಿದ್ಯೆಗೆ ಬೆನ್ನ ಹಿಂದೆ ಮೂಗು ಮುರಿಯುತ್ತಿದ್ದೆನೋ ಅವರೇ ನನ್ನ ಶಾಸ್ತ್ರದ ತಿರುಳನ್ನು ನನಗೆ ಗಿರಮಿಟ್ಟಿನ ಜೊತೆ ಬಡಿಸಿದ್ದರು. ನಮ್ಮ ಮನೆಯವರು "ನಾಗಪುರದಾಗ ಕಿತ್ತಳಿಹಣ್ಣು ಛಲೋ ಸಿಗ್ತಾವು" ಎಂದರು. ಅದು ಅವರ ಒಪ್ಪಿಗೆ.

ಸಮಿತಿಯೆಂದರೆ ನಿರ್ದೇಶಕರು ಮತ್ತು ಬೇರೆ ವಿಭಾಗಗಳ ಇಬ್ಬರು ಹಿರಿಯ ಅಧಿಕಾರಿಗಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನಾನು ಚಿಪ್ಪುಗಳನ್ನು ಜೋಡಿಸಿದೆ. ಸಹಿಯ ಕಾಗದವೂ ಅಲ್ಲೇ ಸಿದ್ಧವಾಗಿತ್ತು. ಬೆಳಿಗ್ಗೆಯಿಂದ ಅಭ್ಯಾಸ ಮಾಡಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಮರೆತುಹೋಗಿ, ಬಾಯಿಗೆ ಬಂದದ್ದು ಇಷ್ಟೇ: "ಸಾರ್, ಮೂರು ನಿಲ್ಲೂದಿಲ್ರಿ. ಎರಡು."

ಸತ್ಯನಾರಾಯಣ ಗಾರು ಅಚ್ಚರಿಯಿಂದ ಹುಬ್ಬೇರಿಸಿ, ಆಮೇಲೆ ದೊಡ್ಡ ಮನಸ್ಸಿನಿಂದ ಮುಗುಳ್ನಕ್ಕು, ಪೆನ್ನಿನ ಟೋಪಿ ತೆಗೆದು ಕಾಗದದ ಜೊತೆ ನನ್ನತ್ತ ಸರಿಸಿದರು. ನಾನು ಪೆನ್ನು ತೆಗೆದುಕೊಳ್ಳಲಿಲ್ಲ; ಗಟ್ಟಿಯನ್ನು ಅವರ ಕೈಗಿಟ್ಟೆ.

"ಮ್ಯಾಲಿನ ಏಣಿನ ಮ್ಯಾಲ ಬೆರಳಾಡಿಸ್ರಿ."

ಅವರು ಆಡಿಸಿದರು. "ಒರಟು ಐತಿ. ದಾರ ದಾರ."

"ಈಗ ತಿರುವ್ರಿ."

"ನುಣುಪು." ಅವರು ಮತ್ತೆ ತಿರುಗಿಸಿದರು. ಮತ್ತೆ. ಉಳಿದ ಇಬ್ಬರೂ ಕುರ್ಚಿಯಿಂದೆದ್ದು ಅವರ ಭುಜದ ಮೇಲಿಂದ ಬಗ್ಗಿ ನೋಡಿದರು.

"ನಾ ಇವೆರಡೂ ಬ್ಯಾರೆ ಬ್ಯಾರೆ ಪ್ರಭೇದ ಅಂತ ತಿಳಿದಿದ್ದೆ. ಹೊಸಾ ಹೆಸರಿಟ್ಟು ಬರದೂ ಇಟ್ಟಿದ್ದೆ. ನೀವು ಹೇಳಿದಂಗ ಒಂದೊಂದೇ ಛಂದಂದು ಆರಿಸಿ ಇಟ್ಟಿದ್ರ ಈ ಹೊಲಸು ಗಟ್ಟಿ ಮೊದಲ ಲಾರಿಗೆ ಹೋಗ್ತಿತ್ತು. ನನ್ನ ತಪ್ಪು ಫೋಟೋ ಸಮೇತ ನಿಮ್ಮ ಕಂಪ್ಯೂಟರ್‌ನಾಗ ಕುಂದರ್ತಿತ್ತು. ಅದನ್ನ ತಿದ್ದೋ ಸಾಕ್ಷಿ ಜೀಡಿಮೆಟ್ಲಾದಾಗ ಶೆಡ್ಡಿನ ಕೆಳಗ ಇರ್ತಿತ್ತು. ನನ್ನ ಹಿಂದಿನವರು ಎರಡನ್ನ ಒಂದು ಅಂದ್ರು, ನಾ ಎರಡನ್ನ ಮೂರು ಅಂದೆ. ನನ್ನ ಮುಂದ ಬರಾಕಿ ನನಗೂ ತಪ್ಪು ಅನ್ನಬಹುದು. ಅನ್ನಾಕ ಆಕಿಗೆ ಇವೆಲ್ಲಾ ಬೇಕಲ್ರಿ?"

ಒಬ್ಬ ಅಧಿಕಾರಿ ನಕ್ಕರು, ನಿರ್ದೇಶಕರು ನಗಲಿಲ್ಲ. ಗಟ್ಟಿಯನ್ನು ಬಟ್ಟೆಯ ಮೇಲೆ, ನಾನು ನಿರೀಕ್ಷಿಸಿದ್ದಕ್ಕಿಂತ ಮೆಲ್ಲಗೆ ಇಟ್ಟರು. "ಮೂರು ನಿಲ್ಲಲಿಲ್ಲ. ಮಾತು ಮಾತೇ ಕದಾ, ಅಮ್ಮಾ. ಸಹಿ?"

"ಮಾಡೂದಿಲ್ರಿ ಸಾರ್. ನಾಗಪುರಕ್ಕ ಹಾಕ್ರಿ, ಹೋಗ್ತೀನಿ. ಹೋಗೂಕಿಂತ ಮೊದಲು ಇವನ್ನ ನನ್ನಿಂದ ವಹಿಸಿಕೊಳ್ಳಾಕ ಒಬ್ಬರನ್ನ ಕಳಸ್ರಿ. ಎಡ ಯಾವ್ದು, ಬಲ ಯಾವ್ದು ಗೊತ್ತಿದ್ದವರನ್ನ."

ಇಷ್ಟು ಹೇಳಿ ನಾನು ಚಿಪ್ಪುಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿಡತೊಡಗಿದೆ. ಒಂದೂ ಮುಕ್ಕಾಗಬಾರದೆಂದು ನಿಧಾನವಾಗಿ ಸುತ್ತಿದೆ, ಅವರು ಅದನ್ನು ಧೈರ್ಯವೆಂದು ತಿಳಿದಿರಬೇಕು. ಹಾಗೆ ವಹಿಸಿಕೊಳ್ಳಬಲ್ಲವರು ಕಚೇರಿಯಲ್ಲಿ ಯಾರೂ ಇಲ್ಲವೆಂಬುದು ಮೇಜಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಿತ್ತು.

ಗೆಲುವು ಸಂಪೂರ್ಣವಾಗಲಿಲ್ಲ. ಕೋಣೆ ಹೋಯಿತು. ಅದರ ಕಿಟಕಿಗಳಿಗೆ ಗಾಜು, ನೆಲಕ್ಕೆ ಜಮಖಾನೆ, ಗೋಡೆಗೆ ತಣ್ಣನೆ ಗಾಳಿಯ ಯಂತ್ರ ಬಂದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದಷ್ಟು ಮಡಿಯೂ ಬಂತು. ಆದರೆ ಲಾರಿ ಬಂದ ದಿನ ಅದಕ್ಕೆ ತುಂಬಲು ಸಿಕ್ಕಿದ್ದು ಮುರುಕು ಕುರ್ಚಿಗಳೂ ತುಕ್ಕು ಹಿಡಿದ ರ‍್ಯಾಕುಗಳೂ ಮಾತ್ರ. ಬಾಗಿಲಲ್ಲಿ ನಿಂತು ಒಂದೊಂದು ಗೋಣಿಚೀಲದ ಬಾಯಿಯನ್ನೂ ಬಿಚ್ಚಿಸಿ ನೋಡಿದೆ. ಕಪಾಟುಗಳು ಕಂಪ್ಯೂಟರ್ ಕೋಣೆಗೆ ಹೋಗುವ ಮೊಗಸಾಲೆಗೆ ಬಂದವು, ಅವುಗಳ ಜೊತೆ ನನ್ನ ಮೇಜೂ. ನಾಗಪುರದ ಆದೇಶ ಬರಲೇ ಇಲ್ಲ. ಬರುತ್ತದೆಂದು ಬಹಳ ದಿನ ಕಾದೆ, ಆಮೇಲೆ ಕಾಯುವುದನ್ನು ಬಿಟ್ಟು, ಆ ಹಳೆಯ ಪ್ರಬಂಧವನ್ನು ಹರಿದು, ಎರಡು ಪ್ರಭೇದಗಳ ಹೊಸ ವಿವರಣೆಯನ್ನು ಬರೆದೆ. ಎಡ ಹೀಗಿರುತ್ತದೆ, ಬಲ ಹೀಗಿರುತ್ತದೆ, ಸವೆದರೆ ಹೀಗೆ ಮೋಸ ಮಾಡುತ್ತದೆ ಎಂದು ಪ್ರತ್ಯೇಕವಾಗಿ ಬರೆದೆ. ಧಾರವಾಡದ ಹೆಸರು ಯಾವ ಚಿಪ್ಪಿಗೂ ಅಂಟಲಿಲ್ಲ. ಆ ಊರು ಇದರಿಂದ ಸೊರಗಿದ ಲಕ್ಷಣವೇನೂ ಕಾಣಲಿಲ್ಲ.

ಮೊಗಸಾಲೆ ಅಗಲವಾದದ್ದಲ್ಲ. ಕಪಾಟುಗಳ ಮುಂದೆ ನನ್ನ ಮೇಜು ಬಂದ ಮೇಲೆ ಉಳಿದ ದಾರಿಯಲ್ಲಿ ಕಂಪ್ಯೂಟರಿನ ಭಕ್ತರೆಲ್ಲ ಮೈ ಓರೆ ಮಾಡಿಕೊಂಡೇ ಸಾಗಬೇಕು. ಗೊಣಗುತ್ತಿದ್ದರು. ಮೇಜನ್ನು ಸ್ವಲ್ಪ ಸರಿಸಬಹುದಲ್ಲವೇ ಎಂದು ಹಿಂದಿಯಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಕೇಳಿದರು. ಸಾಧ್ಯವಿಲ್ಲವೆಂದು ಮೂರು ಭಾಷೆಯಲ್ಲೂ ಹೇಳಿದೆ. ಒಂದು ದಿನ ಸತ್ಯನಾರಾಯಣ ಗಾರು ಅದೇ ದಾರಿಯಲ್ಲಿ ಬಂದರು. ಹೊಟ್ಟೆಯನ್ನು ಒಳಗೆಳೆದುಕೊಂಡು ಅರ್ಧ ದಾಟಿದವರು, ನಾನು ಗಾಜಿನ ಕೆಳಗೆ ಇಟ್ಟಿದ್ದ ಒಂದು ಚಿಪ್ಪನ್ನು ಕಂಡು ನಿಂತರು. ಕನ್ನಡಕ ತೆಗೆದರು, ಒರೆಸಲಿಲ್ಲ. ಬಗ್ಗಿ, ಕಿವಿಯ ಕೆಳಗೆ ಹತ್ತಿರದಿಂದ ನೋಡಿದರು.

"ಬಲದ್ದು" ಎಂದರು.

ಅವರು ನನ್ನ ಮೇಲಧಿಕಾರಿ, ಅವರ ಹಿಂದೆ ನಾಲ್ಕಾರು ಮಂದಿ ದಾರಿಗಾಗಿ ಕಾಯುತ್ತಿದ್ದರು, ನನ್ನ ವಾರ್ಷಿಕ ವರದಿ ಬರೆಯುವುದು ಅವರ ಕೈಯಲ್ಲಿತ್ತು. "ತಪ್ಪುರಿ ಸಾರ್" ಎಂದೆ. "ಅದು ಕಚ್ಚಲ್ಲ, ಮುರದದ್ದು."

ಸತ್ಯನಾರಾಯಣ ಗಾರು ಹಿಂದೆ ನಿಂತವರ ಕಡೆ ಒಮ್ಮೆ ನೋಡಿ, ಮುಂದಕ್ಕೆ ಹೋಗದೆ, ಹೋಲಿಸಿ ನೋಡಲು ಇನ್ನೊಂದು ಚಿಪ್ಪಿಗಾಗಿ ಕೆಳಗಿನ ಖಾನೆಯನ್ನು ಎಳೆದರು.